ಕಾರಣದ ಕಾಲಂ

ಎಪ್ಪತ್ತೆರಡನೆಯ ಕಂತು ಹೋಗಿ ಹದಿನೇಳು ದಿನಕ್ಕೆ
ಬಾಗಿಲ ಸೀಳಿನಿಂದ ಒಂದೇ ಹಾಳೆ ಬಿತ್ತು.
ಮುಗಿದಿದೆ, ಅಂತ. ಕೆಳಗೆ ಮಿಸ್ಟರ್ ಪೆಂಬರ್ಟನ್ ಸಹಿ.
ಆರು ವರ್ಷ ನನ್ನ ಪಗಾರದ ಚೀಟಿ ಓದಿದ ಮನುಷ್ಯ;
ಮುಖ ಕಂಡಿಲ್ಲ, ಒಮ್ಮೆ ಫೋನಿನಲ್ಲಿ ಕೆಮ್ಮಿದ್ದಷ್ಟೇ ಗೊತ್ತು.
ಹಾಳೆಯನ್ನು ಫ್ರಿಜ್ಜಿನ ಮೇಲಿಟ್ಟೆ. ಅನ್ನ ಕುದಿಯುತ್ತಿತ್ತು.

ಸಾಲ ತೀರಿದರೆ ಎದೆ ಹಗುರ ಅನ್ನುತ್ತಾರೆ.
ನನಗೆ ಮೊದಲು ಆದದ್ದು ಹಸಿವು.
ಆಮೇಲೆ ಅನುಮಾನ: ಎಲ್ಲೋ ಎಂಟನೆಯವನೊಬ್ಬ ಉಳಿದಿದ್ದಾನೆ.
ಪಟ್ಟಿಯಲ್ಲಿದ್ದದ್ದು ಏಳು. ನಾಲ್ಕು ಕಾರ್ಡು, ಎರಡು ಬ್ಯಾಂಕು,
ಡಬ್ಬಿ ಊಟ ಸಾಗಿಸಲು ಕೊಂಡ ಬಿಳಿ ವ್ಯಾನು.
ಮಹಾಂತೇಶ ಹೋಗುವಾಗ ಬಾಣಲೆಗಳನ್ನೂ ಬಿಟ್ಟು ಹೋದ.
ಅವನ ಮೇಲೆ ಹಾಕುವುದು ಸುಲಭ.
ಏಳು ಕಡೆಯೂ ಸಹಿ ನನ್ನದೇ, ಸಾಲಿಮನೆಯ ಗುಂಡಕ್ಷರ:
ನೀಲಗಂಗಾ ಮ. ಹಡಗಲಿ.

ಮುಂದಿನ ತಿಂಗಳ ಒಂದನೇ ತಾರೀಖು
ನೂರಾ ಎಂಬತ್ತೇಳು ಪೌಂಡು ಖಾತೆಯಲ್ಲೇ ಉಳಿಯಿತು.
ಬಸ್ ಡಿಪೋದ ಊಟದ ಕೋಣೆಯಲ್ಲಿ
ಫೋನು ತೆಗೆದು ನೋಡಿದೆ, ಮುಚ್ಚಿದೆ, ಮತ್ತೆ ನೋಡಿದೆ.
ಬೇರೆಯವರ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋದ ಹಾಗೆ
ಅಲುಗಾಡದೆ ಕೂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ
ಗದಗಿನಿಂದ ಡರ್ಬಿಯವರೆಗೆ ಎಲ್ಲರೂ ಹೇಳಿದರು.
ಆರು ವರ್ಷ ಮೊಣಕಾಲು ಎದೆಗೊತ್ತಿ ಮಲಗಿದವಳಿಗೆ
ಹಾಸಿಗೆ ಒಂದು ಗೇಣು ಬೆಳೆದರೆ
ಕಾಲು ಬಿಡಿಸುವುದು ಹೇಗೆ?
ಅದಕ್ಕೆ ಗಾದೆ ಇಲ್ಲ.

ಮೂರು ತಿಂಗಳು ಏನೂ ಕೊಳ್ಳಲಿಲ್ಲ.
ನಾಲ್ಕನೆಯದರಲ್ಲಿ ವಾಷಿಂಗ್ ಮಶೀನು,
ಸೆಕೆಂಡ್ ಹ್ಯಾಂಡು, ನೂರಾ ನಲವತ್ತು, ನಗದು.
ಕಂತಿನಲ್ಲೂ ಕೊಡಬಹುದು ಮೇಡಂ, ಅಂದ ಹುಡುಗ.
ನಾನು ನಕ್ಕ ರೀತಿಗೆ ಹೆದರಿ
ಹತ್ತು ಪೌಂಡು ಇಳಿಸಿದ.

ಆಗಲೇ ನೆನಪಾದದ್ದು ಎಂಟನೆಯವಳು.
ನಾರ್ಮಂಟನ್ ರಸ್ತೆಯ ಬಟ್ಟೆ ಒಗೆಯುವ ಅಂಗಡಿಯ ಡೋರೀನ್.
ಚಳಿಗಾಲದ ಭಾನುವಾರ ನನ್ನ ನಾಣ್ಯ ಮುಗಿದು ಡ್ರೈಯರು ನಿಂತರೆ,
ನಾನು ಬೆನ್ನು ತಿರುಗಿಸಿದ ಮರುಗಳಿಗೆ
ಅದು ಮತ್ತೆ ಗರಗರ ಸುತ್ತುತ್ತಿತ್ತು.
ಇಬ್ಬರೂ ಅದರ ಮಾತೆತ್ತಲಿಲ್ಲ.
ಹಸಿ ಯೂನಿಫಾರ್ಮಿನಲ್ಲಿ ನಾನು ಬಸ್ಸು ಓಡಿಸಿದ್ದು
ಆರು ವರ್ಷದಲ್ಲಿ ಒಂದೇ ಸಲ.

ಶೇಂಗಾ ಹೋಳಿಗೆ ಮಾಡಿದೆ, ಹದಿನಾಲ್ಕು.
ಲಕೋಟೆಯಲ್ಲಿ ಅರವತ್ತು ಪೌಂಡು, ಅಂದಾಜಿನ ಲೆಕ್ಕ.
ಡೋರೀನ್ ಒಂದನ್ನು ಮುರಿದು ಮೂಸಿದಳು, ಲಕೋಟೆ ಹಿಂದಕ್ಕೆ ನೂಕಿದಳು.
"ನನ್ನ ದುಡ್ಡಲ್ಲ ಅದು. ಜನ ಮಶೀನಿನಲ್ಲಿ ಮರೆತದ್ದು,
ಪ್ಯಾಂಟಿನ ಜೇಬಿಂದ ಉದುರಿದ್ದು. ಡಬ್ಬಿಗೆ ಹಾಕಿಡುತ್ತೇನೆ."
ಯಾರ್ಯಾರು?
"ಯಾರಿಗ್ಗೊತ್ತು," ಅಂದಳು, ಬಾಯಿ ತುಂಬ ಬೆಲ್ಲ.

ಈಗ ನನ್ನ ಬಸ್ಸು ಹತ್ತುವವರ ಜೇಬುಗಳನ್ನು ನೋಡುತ್ತೇನೆ.
ಬಣ್ಣ ಮೆತ್ತಿದ ಪ್ಯಾಂಟು, ಶಾಲೆಯ ಪ್ಯಾಂಟು,
ಎಂಬತ್ತರ ಮುದುಕನ ಇಸ್ತ್ರಿ ಗೆರೆ.
ಇವರಲ್ಲಿ ಯಾರು ನನ್ನ ಧಣಿ?
ಓಡಿ ಬರುವವರಿಗೆ ಒಂದು ಕ್ಷಣ ಹೆಚ್ಚು ನಿಲ್ಲಿಸುತ್ತೇನೆ.
ಇದರಿಂದ ಏನೂ ತೀರುವುದಿಲ್ಲ, ಗೊತ್ತು.

ರಾತ್ರಿ ಅಡುಗೆಮನೆಯಲ್ಲಿ ಮಶೀನು ನಡುಗುತ್ತದೆ.
ಅಂಗಡಿಯಲ್ಲಿ ಕೂತ ಹಾಗೆಯೇ ಅದರೆದುರು ಕೂರುತ್ತೇನೆ,
ತೊಡೆಯ ಮೇಲೆ ಖರ್ಚಿನ ಪುಸ್ತಕ.
ಕೇಳುವವರಿಲ್ಲ. ಕೈ ಮಾತ್ರ ಕೇಳುವುದಿಲ್ಲ.
ಪೆಂಬರ್ಟನ್ ಕಲಿಸಿದ ಮೂರು ಕಾಲಂ: ಏನು, ಎಷ್ಟು, ಕಾರಣ.
ಒಮ್ಮೆ ಕೇಕಿನ ಮುಂದೆ ಹುಟ್ಟುಹಬ್ಬ ಅಂತ ಬರೆದಿದ್ದೆ.
ಯಾರದ್ದು ಅಂತ ಪತ್ರ ಬಂದಿತ್ತು.
ನನ್ನದೇ, ಅಂತ ಉತ್ತರಿಸಿದ್ದೆ, ತಾರೀಖು ಸಮೇತ.

ಇವತ್ತು: ನೀಲಿ ಪಿಂಗಾಣಿ ಬಟ್ಟಲು, ಒಂದು.
ಮೂರು ಪೌಂಡು ಐವತ್ತು.
ಕಾರಣದ ಹತ್ತಿರ ಪೆನ್ನು ತುಸು ನಿಂತಿತು,
ಆಮೇಲೆ ಮುಂದಿನ ಸಾಲಿಗೆ ಹೋಯಿತು.
ಹಾಲು. ಉಳ್ಳಾಗಡ್ಡಿ.